ಪಾಲಿಶ್ ಕೈ

ಪಾಲಿಶ್ ಶೆಡ್ಡಿನ ಹೆಂಗಸರನ್ನು ಗೇಟಿನಲ್ಲಿ ಯಾರೂ ಕೈಯಿಂದ ಮುಟ್ಟುತ್ತಿರಲಿಲ್ಲ. ಕೋಲಿನಿಂದ ಮುಟ್ಟುತ್ತಿದ್ದರು.

ಅದು ಹಿತ್ತಾಳೆ ನಲ್ಲಿ ಮಾಡುವ ಕಾರ್ಖಾನೆ. ಅಚ್ಚಿನಿಂದ ಬಂದ ನಲ್ಲಿ ಒರಟಾಗಿ, ಮಂಕಾಗಿ ಇರುತ್ತದೆ. ಅದನ್ನು ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿಯಬೇಕು. ಚಕ್ರಕ್ಕೆ ಆಗಾಗ ಮೇಣದ ಗಟ್ಟಿ ತಾಗಿಸಬೇಕು. ಒತ್ತಿದಷ್ಟೂ ನಲ್ಲಿ ಹೊಳೆಯುತ್ತದೆ, ಒತ್ತಿದವಳು ಕಪ್ಪಾಗುತ್ತಾಳೆ. ಮೇಣ, ಹಿತ್ತಾಳೆ ಪುಡಿ, ಬಟ್ಟೆಯ ಜುಂಗು ಎಲ್ಲಾ ಸೇರಿ ಕರೀ ಜಿಡ್ಡು. ಅದು ಮುಖಕ್ಕೆ, ಕತ್ತಿಗೆ, ಮೂಗಿನೊಳಕ್ಕೆ ಮೆತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಹಚ್ಚಿ ಉಜ್ಜಿದರೆ ಮೈಯಿಂದ ಅರ್ಧ ಹೋಗುತ್ತದೆ. ಬಟ್ಟೆಗೆ ಹತ್ತಿದರೆ ಆ ಬಟ್ಟೆಯ ಕಥೆ ಮುಗಿಯಿತು.

ಹಿತ್ತಾಳೆ ಕದಿಯುತ್ತಾರೆ ಎಂದು ಪಾಳಿ ಮುಗಿದಾಗ ಎಲ್ಲರ ಮೈ ತಡವಿಯೇ ಹೊರಗೆ ಬಿಡುವುದು. ಎಲ್ಲರ ಎಂದರೆ ಕೆಲಸಗಾರರ. ಆಫೀಸಿನವರು ಕಾರಿನಲ್ಲಿ ದೊಡ್ಡ ಗೇಟಿನಿಂದ ಹೋಗುತ್ತಾರೆ, ಅವರ ಮೈಯಲ್ಲಿ ಹಿತ್ತಾಳೆ ಹುಟ್ಟುವುದಿಲ್ಲವಂತೆ. ಗಂಡಸರನ್ನು ಬಯಲಲ್ಲೇ ತಡವುತ್ತಿದ್ದರು. ಹೆಂಗಸರಿಗೆ ಗೇಟಿನ ಕೋಣೆ, ಅದಕ್ಕೊಂದು ಪರದೆ. ಒಳಗೆ ಕಾವಲಿನ ಹೆಂಗಸು. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುತ್ತಿದ್ದುದರಿಂದ ಅವಳ ಹೆಸರೇ ಸೀಟಿ ಎಂದಾಗಿತ್ತು. ಪ್ಯಾಕಿಂಗ್ ವಿಭಾಗದವರನ್ನು ಸೀಟಿ ಕೈಯಿಂದ ತಡವಿ ಬಿಡುತ್ತಿದ್ದಳು. ಪಾಲಿಶ್‌ನವರು ಸಾಲಿನ ಕೊನೆಗೆ ನಿಲ್ಲಬೇಕು, ಬೇರೆಯವರಿಗೆ ತಾಗಬಾರದು. ಅವರ ಸರದಿ ಬಂದಾಗ ಸೀಟಿ ಮೂಲೆಯಲ್ಲಿಟ್ಟ ಕೋಲು ತೆಗೆದುಕೊಳ್ಳುತ್ತಿದ್ದಳು. ಕೋಲಿಗೇನು ಗೊತ್ತಾಗುತ್ತದೆ? ಎಲ್ಲಿ ಗಟ್ಟಿ ತಾಗಿತೋ ಅಲ್ಲಿ ಎತ್ತಿ ತೋರಿಸು ಎನ್ನುತ್ತಿದ್ದಳು. ಮುಟ್ಟಲು ಅಸಹ್ಯ. ನೋಡಲು ಅಸಹ್ಯವಿಲ್ಲ.

ಶೆಡ್ಡಿನಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹೆಂಗಸು ಆ ಚಕ್ರದ ಮುಂದೆಯೇ ತಲೆ ನರೆಸಿಕೊಂಡವಳು. ಅವಳ ಗಂಡನೂ ಅಲ್ಲೇ ದುಡಿದವನು. ಈಗ ಗೋಡೆಗೆ ಒರಗಿ ಕೂತು ಕೆಮ್ಮುವುದೇ ಅವನ ಉದ್ಯೋಗ. ಮಲಗಿದರೆ ಉಸಿರು ಸಿಗುವುದಿಲ್ಲ. ದೊಡ್ಡಕ್ಕನ ಸ್ವಂತ ತಂಗಿ ಪಕ್ಕದ ಚಕ್ರದಲ್ಲಿ. ಗಂಡ ಬಿಟ್ಟುಹೋದ ಮೇಲೆ ದೊಡ್ಡಕ್ಕನೇ ಅವಳನ್ನು ಕರೆತಂದು ಕೆಲಸಕ್ಕೆ ಹಚ್ಚಿದ್ದಳು. ನಲ್ಲಿಯ ಬಾಗನ್ನು ಚಕ್ರಕ್ಕೆ ಹೇಗೆ ಕೊಡಬೇಕು, ಚಕ್ರ ನಲ್ಲಿಯನ್ನು ಕಿತ್ತುಕೊಂಡರೆ ಹೇಗೆ ಕೈ ಬಿಡಬೇಕು, ಎಲ್ಲ ಕಲಿಸಿದ್ದಳು. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ. ಈ ಕಡೆ ಕೆಮ್ಮು ಜೋರಾದರೆ ಆ ಕಡೆಯಿಂದ ತಂಗಿ ಬಿಸಿನೀರು ತಂದುಕೊಡುತ್ತಿದ್ದಳು.

ಅವತ್ತು ತಂಗಿಗೆ ತಿಂಗಳ ದಿನ. ಸೀಟಿಯ ಕೋಲು ತೊಡೆಯ ಸಂದಿಗೆ ಹೋಗಿ ನಿಂತಿತು. ಇದೇನು ಎಂದಳು. ಬಟ್ಟೆ ಎಂದಳು ತಂಗಿ. ಬಟ್ಟೆಯೋ ಹಿತ್ತಾಳೆಯೋ, ತೆಗೆದು ತೋರಿಸು ಎಂದಳು ಸೀಟಿ. ಕೋಣೆಯೊಳಗೆ ಕತ್ತಲೆ ಎಂದು ಪರದೆಯನ್ನು ಅರ್ಧ ಸರಿಸಿಯೂ ಇದ್ದಳು. ಹೊರಗೆ ಅಚ್ಚಿನ ವಿಭಾಗದ ಗಂಡಸರು ನಿಂತಿದ್ದರು. ತಂಗಿ ತೆಗೆದಳು. ತೋರಿಸಿದಳು. ಯಾರೋ ಒಬ್ಬ ನಕ್ಕ.

ಹಿಂದೆಯೇ ನಿಂತಿದ್ದ ದೊಡ್ಡಕ್ಕ ಒಳಗೆ ನುಗ್ಗಿ ಕೋಲು ಕಿತ್ತುಕೊಂಡಳು. ಮೊಣಕಾಲಿಗೆ ಕೊಟ್ಟು ಮುರಿದಳು. ಎರಡೂ ತುಂಡನ್ನು ಸೀಟಿಯ ಕಾಲ ಬುಡಕ್ಕೆ ಎಸೆದಳು.

ಮರುದಿನ ಮೇಡಂ ಕರೆಸಿದಳು. ಕಾರ್ಖಾನೆಯಲ್ಲಿ ಯಾರನ್ನು ಎಲ್ಲಿ ಹಾಕಬೇಕು, ಯಾರನ್ನು ತೆಗೆಯಬೇಕು ಎಂದು ನಿರ್ಧರಿಸುವವಳು ಅವಳೇ. ಅವಳು ಉಡುತ್ತಿದ್ದುದು ಬಿಳಿ ಮಾತ್ರ. ಅಂಗಿ ಬಿಳಿ, ಪ್ಯಾಂಟು ಬಿಳಿ, ಚಪ್ಪಲಿಯ ಪಟ್ಟಿಯೂ ಬಿಳಿ. ಹಿತ್ತಾಳೆ ಕಾರ್ಖಾನೆಯಲ್ಲಿ ಕಲೆಯಿಲ್ಲದೆ ಓಡಾಡುವುದೇ ಅವಳ ದೊಡ್ಡಸ್ತಿಕೆ. ಅವಳು ಬೈಯಲಿಲ್ಲ. ಬೈದಿದ್ದರೆ ದೊಡ್ಡಕ್ಕನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು. ಮೇಡಂ ನಕ್ಕಳು.

"ನಿನಗೆ ಕೋಲು ಇಷ್ಟ ಇಲ್ಲ ಅಲ್ವಾ? ಸರಿ. ನಾಳೆಯಿಂದ ಗೇಟಲ್ಲಿ ನೀನೇ ನಿಂತ್ಕೊ. ಕೈಯಲ್ಲೇ ತಡವು. ನಿಮ್ಮವರನ್ನ ನೀನೇ ತಡವು."

ನನ್ನ ಕೆಲಸ ಪಾಲಿಶ್, ಮೇಡಂ, ಎಂದಳು ದೊಡ್ಡಕ್ಕ. ಕೆಲಸ ಕಂಪನಿಯದು, ಎಲ್ಲಿ ಹಾಕಿದರೆ ಅಲ್ಲಿ, ಎಂದಳು ಮೇಡಂ. ಬೇಡವಾದರೆ ಇನ್ನೊಂದು ಜಾಗವಿದೆಯಂತೆ. ಊರಿನ ಆ ತುದಿಯ ಗೋದಾಮು, ಬಸ್ಸು ಬದಲಾಯಿಸಿಕೊಂಡು ಹೋಗಬೇಕು, ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳಬೇಕು. ಮನೆಯಲ್ಲಿ ಗಂಡ ಯಾವ ಸ್ಥಿತಿಯಲ್ಲಿದ್ದಾನೆ ಎಂಬುದು ಮೇಡಂಗೆ ಚೆನ್ನಾಗಿ ಗೊತ್ತು. ಅವನ ಕೆಮ್ಮಿಗೂ ಕಾರ್ಖಾನೆಗೂ ಸಂಬಂಧವಿಲ್ಲ ಎಂದು ಹೇಳಿ ಅವನನ್ನು ಕಳಿಸಿದವಳೂ ಅವಳೇ.

ಕೊನೆಗೆ ಮೇಡಂ ಇನ್ನೊಂದು ಮಾತು ಸೇರಿಸಿದಳು. ಗೇಟಿನ ಕೆಲಸಕ್ಕೆ ಕೈ ಶುಭ್ರವಾಗಿರಬೇಕು. ಉಗುರು ಅವಳೇ ನೋಡುತ್ತಾಳಂತೆ.

ದೊಡ್ಡಕ್ಕ ಲೇಬರ್ ಆಫೀಸಿಗೆ ಹೋದಳು. ಅಲ್ಲಿನ ಗುಮಾಸ್ತೆ ಕನ್ನಡಕವನ್ನು ತಲೆಯ ಮೇಲೇರಿಸಿ, ಅವಳ ಮಾತನ್ನು ಕೊನೆಯವರೆಗೂ ಕೇಳಿದಳು. ಕಾರ್ಖಾನೆಗೆ ಬಂದಾಗಿನಿಂದ ಹಾಗೆ ಕೊನೆಯವರೆಗೆ ಕೇಳಿದವರು ಅವಳೊಬ್ಬಳೇ. ಕೇಳದೆ ಕೆಲಸ ಬದಲಾಯಿಸುವುದು, ಜಾಗ ಬದಲಾಯಿಸುವುದು, ಅದೂ ಬಾಯಿ ತೆರೆದದ್ದಕ್ಕೆ ಶಿಕ್ಷೆ ಎಂದು, ಅದಕ್ಕೆ ದೂರು ಕೊಡಬಹುದು ಎಂದಳು. ಬರೆಸಿಕೊಂಡಳು.

"ಆದ್ರೆ ಸಿಟ್ಟು ಮಾಡ್ಕೊಂಡು ಮನೇಲಿ ಕೂತ್ಕೋಬೇಡಿ ಅಮ್ಮ. ಕೂತ್ರೆ ಅವಳೇ ಬಿಟ್ಟುಹೋದ್ಲು ಅಂತಾರೆ. ಅವರಿಗೆ ಬೇಕಾಗಿರೋದೂ ಅದೇ. ಒಪ್ಪಿಲ್ಲ ಒಪ್ಪಿಲ್ಲ ಅಂತ ಹೇಳ್ತಾನೇ ಕೆಲಸ ಮಾಡಿ."

ಹೀಗೆ ದೊಡ್ಡಕ್ಕ ಒಪ್ಪಿಲ್ಲ ಎನ್ನುತ್ತಲೇ ಸೀಟಿಯ ಜಾಗದಲ್ಲಿ ಗೇಟಿಗೆ ನಿಂತಳು. ಸೀಮೆಎಣ್ಣೆಯಲ್ಲಿ ತೊಳೆದ ಕೈ ಉರಿಯುತ್ತಿತ್ತು. ಪರದೆಯ ಒಳಗೇ ಕುರ್ಚಿ ಹಾಕಿಕೊಂಡು ಮೇಡಂ ಕೂತಿದ್ದಳು, ನೋಡುವುದಕ್ಕೆ. ಸುಮ್ಮನೆ ಗಾಳಿಯಲ್ಲಿ ಕೈ ಆಡಿಸಿದರೆ, ಸರಿಯಾಗಿ ಮುಟ್ಟು, ಎನ್ನುತ್ತಿದ್ದಳು. ಜೊತೆಗೆ ಬುತ್ತಿ ಹಂಚಿ ಉಂಡವರು ಒಬ್ಬೊಬ್ಬರಾಗಿ ಬಂದರು. ಕಣ್ಣು ಗೋಡೆಯ ಮೇಲಿಟ್ಟು ಕೈ ಎತ್ತಿದರು. ದೊಡ್ಡಕ್ಕ ಅವರ ಕಂಕುಳು ಮುಟ್ಟಿದಳು, ಸೊಂಟ ಮುಟ್ಟಿದಳು, ಎದೆಯ ಕೆಳಗೆ ಮುಟ್ಟಿದಳು. ಕೊನೆಗೆ ತಂಗಿ ಬಂದಳು. ಕೈ ಎತ್ತಲಿಲ್ಲ.

"ಕೋಲು ತಗೊ ಅಕ್ಕ," ಎಂದಳು. "ಕೈಯಲ್ಲಿ ಮುಟ್ಟಬೇಡ ನನ್ನ."

ಮೇಡಂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ಅಂದಿನಿಂದ ಗೋಡೆಯ ಆಚೆಯಿಂದ ನೀರು ಬರುವುದು ನಿಂತಿತು. ಕೆಮ್ಮಿದರೂ ಇಲ್ಲ. ಶೆಡ್ಡಿನವರು ಅವಳನ್ನು ಕಂಡರೆ ಮಾತು ನುಂಗಿಕೊಳ್ಳುತ್ತಿದ್ದರು. ಯಾರೋ ಅವಳಿಗೆ ಹೊಸ ಸೀಟಿ ಎಂದು ಹೆಸರಿಟ್ಟರು. ದೂರು ಕೊಟ್ಟಿದ್ದೇನೆ ಎಂದು ದೊಡ್ಡಕ್ಕ ಹೇಳಿದಳು, ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ದೂರು ಕಣ್ಣಿಗೆ ಕಾಣುವುದಿಲ್ಲ. ಮೈಮೇಲೆ ಓಡಾಡುವ ಕೈ ಕಾಣುತ್ತದೆ.

ಚಕ್ರದ ಕೆಲಸ ಬೆರಳಿನ ಗೆರೆಗಳನ್ನೇ ಸವೆಸಿಬಿಡುತ್ತದೆ. ಹಾಜರಿ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಪಾಲಿಶ್‌ನವರನ್ನು ಅದು ಗುರುತಿಸುತ್ತಿರಲಿಲ್ಲ. ಕೆಂಪು ದೀಪ ಹತ್ತಿ ಒದರುತ್ತಿತ್ತು, ಅವರು ಪ್ರತಿ ದಿನ ಮೇಲ್ವಿಚಾರಕನ ಕೈಕಾಲು ಹಿಡಿದು ಹಾಜರಿ ಹಾಕಿಸಿಕೊಳ್ಳುತ್ತಿದ್ದರು. ಗೇಟಿಗೆ ಬಂದ ಕೆಲವು ವಾರಗಳಲ್ಲಿ ದೊಡ್ಡಕ್ಕನ ಬೆರಳಿಗೆ ಗೆರೆ ಮರಳಿ ಬಂತು. ಒಂದು ಬೆಳಿಗ್ಗೆ ಯಂತ್ರ ಹಸಿರು ದೀಪ ಹಚ್ಚಿತು. ಹಿಂದೆ ನಿಂತ ಶೆಡ್ಡಿನವರೆಲ್ಲ ಅದನ್ನು ನೋಡಿದರು. ಅವಳಿಗೆ ಆ ಹೆಬ್ಬೆರಳು ಕತ್ತರಿಸಿ ಎಸೆಯಬೇಕು ಎನಿಸಿತು.

ಸಂಜೆ ಗಂಡ ಅವಳ ಕೈ ಹಿಡಿದು ತಿರುಗಿಸಿ ನೋಡಿದ. ಮದುವೆಯ ದಿನವೂ ಇಷ್ಟು ಬೆಳ್ಳಗಿರಲಿಲ್ಲ ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ. ಕೈ ಕಿತ್ತುಕೊಂಡಳು.

"ಆ ಮೇಡಂಗೆ ಇದರ ರುಚಿ ತೋರಿಸ್ದೆ ಸಾಯಲ್ಲ ನಾನು."

"ತೋರ್ಸು," ಎಂದ ಗಂಡ. ಕೆಮ್ಮು ಬಂದು, ಹೋಗಿ, ಆಮೇಲೆ ಮಾತು ಮುಗಿಸಿದ. "ಆದ್ರೆ ಬೇಗ ತೋರ್ಸು. ನಾನಿರೋವಾಗ್ಲೇ ಆಗ್ಲಿ."

ಕಾದವಳಿಗೆ ಕಾಲ ಕೂಡಿಬಂತು. ಅದನ್ನು ಕೂಡಿಸಿಕೊಟ್ಟವಳೂ ಮೇಡಂ.

ದೂರಿನ ವಿಚಾರಣೆಗೆ ಲೇಬರ್ ಆಫೀಸಿನ ಸಾಹೇಬರು ಬಂದರು. ಸಣಕಲು ಮನುಷ್ಯ, ಮಾತು ಮೆಲ್ಲಗೆ. ಆಫೀಸಿನಲ್ಲಿ ಚಹಾ ಕೊಟ್ಟರು, ಕುಡಿದರು. ದೊಡ್ಡಕ್ಕನನ್ನೂ ಕರೆಸಿ ಗೋಡೆಯ ಬದಿ ನಿಲ್ಲಿಸಿದ್ದರು. ಕೂರು ಎಂದವರು ಸಾಹೇಬರೇ, ಕೂರಲು ಕುರ್ಚಿ ಇರಲಿಲ್ಲ. ಪಾಲಿಶ್ ಕೆಲಸದವಳನ್ನು ಮೈ ತಡವುವ ಕೆಲಸಕ್ಕೆ ಏಕೆ ಹಾಕಿದಿರಿ, ಅವಳನ್ನು ಕೇಳಿದಿರಾ, ಇದು ಅವಳಿಗೆ ಅವಮಾನವಲ್ಲವೇ ಎಂದು ಅವರು ಕೇಳಿದರು. ಮೇಡಂಗೆ ನಾಲಿಗೆ ಚುರುಕು. ಅವಮಾನ ಎಲ್ಲಿಂದ ಬಂತು ಸಾರ್, ಇದು ನಂಬಿಕಸ್ತರಿಗೆ ಕೊಡುವ ಕೆಲಸ ಎಂದಳು. ನಮ್ಮಲ್ಲಿ ಮೇಲು ಕೆಳಗು ಇಲ್ಲ ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದಳು. ಸುಳ್ಳಿಗೆ ಒಗ್ಗರಣೆ ಹಾಕಲು ಹೋದಳು.

"ತಪಾಸಣೆ ಎಲ್ಲರಿಗೂ ಒಂದೇ ಸಾರ್. ನಾನೂ ದಿನಾ ಆ ಪರದೆ ಒಳಗೆ ಹೋಗೇ ಮನೆಗೆ ಹೋಗೋದು. ಇವಳೇ ನನ್ನ ತಡವೋದು. ಬೇಕಾದ್ರೆ ಕೇಳಿ."

ಸಾಹೇಬರು ದೊಡ್ಡಕ್ಕನ ಕಡೆ ನೋಡಿದರು. ಸುಳ್ಳು ಎನ್ನುವ ಮಾತು ಅವಳ ತುಟಿಯವರೆಗೆ ಬಂದಿತ್ತು, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಸಾಹೇಬರು ಲೋಟ ಕೆಳಗಿಟ್ಟರು. ಬಹಳ ಸಂತೋಷ, ಇವತ್ತು ಪಾಳಿ ಮುಗಿಯುವವರೆಗೆ ಇದ್ದು ಅದನ್ನೂ ಒಮ್ಮೆ ನೋಡಿಕೊಂಡೇ ಹೋಗುತ್ತೇನೆ ಎಂದರು.

ಮೇಡಂ ಕಾರಿಡಾರಿನ ಮೂಲೆಯಲ್ಲಿ ದೊಡ್ಡಕ್ಕನನ್ನು ಹಿಡಿದು ನಿಲ್ಲಿಸಿದಳು. ಪರದೆ ಎಳಿ, ಸುಮ್ಮನೆ ನಿಂತುಕೊ, ಸ್ವಲ್ಪ ಹೊತ್ತಿಗೆ ಪರದೆ ತೆಗಿ. ನನ್ನ ಮೈ ಮುಟ್ಟಬೇಡ, ತಿಳಿಯಿತಾ, ಎಂದಳು. ತಿಳಿಯಿತು ಮೇಡಂ ಎಂದಳು ದೊಡ್ಡಕ್ಕ. ಅಷ್ಟು ವಿನಯ ಅವಳ ದನಿಯಲ್ಲಿ ಎಂದೂ ಇರಲಿಲ್ಲ. ಮೇಡಂಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ತಗ್ಗಿದ ತಲೆ ಕಂಡರೆ ಇಂಥವರಿಗೆ ಕಣ್ಣೇ ಕಾಣಿಸುವುದಿಲ್ಲ.

ದೊಡ್ಡಕ್ಕ ಗೇಟಿಗೆ ಹೋಗಲಿಲ್ಲ. ನೆಟ್ಟಗೆ ಶೆಡ್ಡಿಗೆ ಹೋದಳು. ಚಕ್ರಗಳ ಮೊರೆತ ಎದೆಗೆ ಬಡಿಯಿತು. ಬಿಸಿ ಮೇಣದ ವಾಸನೆ ಮೂಗಿಗೆ ಹತ್ತಿತು. ತಂಗಿ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು.

"ಸ್ವಲ್ಪ ಸರಿ," ಎಂದಳು ದೊಡ್ಡಕ್ಕ.

ತಂಗಿ ಸರಿದು ನಿಂತಳು. ದೊಡ್ಡಕ್ಕ ಬುಟ್ಟಿಯಿಂದ ಒಂದು ಒರಟು ನಲ್ಲಿ ಎತ್ತಿಕೊಂಡಳು. ಕಾಲು ಅಗಲಿಸಿ ನಿಂತಳು. ಚಕ್ರಕ್ಕೆ ಮೇಣ ಕೊಟ್ಟಳು, ನಲ್ಲಿ ಕೊಟ್ಟಳು. ಹೆಗಲು ತಾನಾಗಿ ತಗ್ಗಿತು, ಮೊಣಕೈ ತಾನಾಗಿ ಪಕ್ಕೆಗೆ ಅಂಟಿತು. ಇಷ್ಟು ದಿನ ಸತ್ತು ಬಿದ್ದಿದ್ದ ಮೈ ಎದ್ದು ನಿಂತಿತು. ನಲ್ಲಿಯ ಬಾಗಿನಲ್ಲಿ ಹೊಳಪು ಹರಿಯಿತು. ಅವಳಿಗೆ ಅಳು ಬಂತು, ಅತ್ತಳು, ಶೆಡ್ಡಿನಲ್ಲಿ ಅತ್ತರೆ ಯಾರಿಗೂ ತಿಳಿಯುವುದಿಲ್ಲ. ನಲ್ಲಿಯನ್ನು ಬುಟ್ಟಿಗೆ ಹಾಕಿ, ಚಕ್ರದ ಕೆಳಗಿನ ತಟ್ಟೆಯಲ್ಲಿ ಕಟ್ಟಿದ್ದ ಜಿಡ್ಡನ್ನು ಎರಡೂ ಕೈಯಿಂದ ಬಾಚಿಕೊಂಡಳು. ಅಂಗೈಗೆ, ಬೆರಳ ಸಂದಿಗೆ, ಮಣಿಕಟ್ಟಿನವರೆಗೆ ಹಚ್ಚಿಕೊಂಡಳು.

"ಇದೇನಕ್ಕ?" ಎಂದಳು ತಂಗಿ. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು.

"ಸಾಲಲ್ಲಿ ಇವತ್ತು ಮೇಡಂ ಮೊದಲು ನಿಲ್ತಾಳೆ. ನಾನೇ ತಡವಬೇಕಂತೆ."

ತಂಗಿ ಅಕ್ಕನ ಮುಖ ನೋಡಿದಳು. ಕೈ ನೋಡಿದಳು. ಆಮೇಲೆ ತನ್ನ ತಟ್ಟೆಯ ಮೂಲೆಯಲ್ಲಿದ್ದ, ಇನ್ನೂ ಬಿಸಿಯಿದ್ದ ಜಿಡ್ಡನ್ನು ಬಾಚಿ ಅಕ್ಕನ ಅಂಗೈಗೆ ಹಾಕಿದಳು. ಆ ಚಕ್ರದಿಂದ ಈ ಚಕ್ರಕ್ಕೆ ಸುದ್ದಿ ಹೋಯಿತು. ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ತಟ್ಟೆ ಬಾಚಿ ತಂದರು.

ಪಾಳಿ ಮುಗಿಯಿತು. ಸಾಹೇಬರು ಗೇಟಿನ ಬಳಿ ನಿಂತಿದ್ದರು. ಮೇಡಂ ಸಾಲಿನ ಮುಂದೆ ನಿಂತು, ಅವರಿಗೆ ಕಾಣುವ ಹಾಗೆ ಒಂದು ನಗು ನಕ್ಕು ಒಳಗೆ ಬಂದಳು. ದೊಡ್ಡಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಪರದೆಯನ್ನು ಮೊಣಕೈಯಿಂದ ಎಳೆದಳು. ಪೂರ್ತಿ ಎಳೆದಳು. ಅಷ್ಟು ಮರ್ಯಾದೆ ಅವಳ ತಂಗಿಗೆ ಸಿಕ್ಕಿರಲಿಲ್ಲ.

"ಕೈ ಎತ್ತು," ಎಂದಳು.

ಮೇಡಂಗೆ ಅರ್ಥವಾಗಲಿಲ್ಲ. ಮುಂದೆ ಬಂದ ಎರಡು ಕೈ ಕಂಡಾಗ ಅರ್ಥವಾಯಿತು. ಹಿಂದಕ್ಕೆ ಸರಿದಳು, ಗೋಡೆ ತಾಗಿತು.

"ಏಯ್. ಏನಿದು? ಹೋಗು, ಕೈ ತೊಳ್ಕೊಂಡು ಬಾ." ಪಿಸುಗುಟ್ಟಿದಳು. ಜೋರಾಗಿ ಹೇಳುವಂತಿಲ್ಲ, ಪರದೆಯ ಆಚೆ ಸಾಹೇಬರಿದ್ದಾರೆ.

"ದಿನಾ ತಡವಿಸ್ಕೊತೀಯಲ್ಲ. ಇವತ್ತೇನು ಹೊಸದಾ? ಕೈ ಎತ್ತು. ಇಲ್ಲಾಂದ್ರೆ ಸಾಹೇಬರನ್ನೇ ಕೇಳೋಣ."

ಮೇಡಂ ಕೈ ಎತ್ತಿದಳು.

ದೊಡ್ಡಕ್ಕ ಆತುರಪಡಲಿಲ್ಲ. ಕಲಿಸಿದವರು ಹೇಗೆ ಕಲಿಸಿದ್ದರೋ ಹಾಗೆಯೇ ಮಾಡಿದಳು. ಹೆಗಲ ಮೇಲೆ ಎರಡೂ ಅಂಗೈ ಊರಿ ಒತ್ತಿದಳು. ಸರಿಯಾಗಿ ಮುಟ್ಟಬೇಕಲ್ಲ. ತೋಳಿನುದ್ದಕ್ಕೂ ಇಳಿದಳು. ಕಂಕುಳು. ಪಕ್ಕೆ. ತಿರುಗು ಎಂದಳು, ತಿರುಗಿದಳು. ಬೆನ್ನು, ನಡು. ಬಿಳಿಯ ಮೇಲೆ ಬೆರಳು ಬೆರಳಾಗಿ ಮೂಡುತ್ತಿತ್ತು. ಮರಳಿ ಬಂದ ಗೆರೆಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕಾಲಿನವರೆಗೆ ಇಳಿದಳು. ಚಪ್ಪಲಿ ಬಿಡು ಎಂದಳು. ತಲೆಗೂದಲು ಬಿಚ್ಚಿಸಿ ಬೆರಳಾಡಿಸಿದಳು. ಮೇಡಂನ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗಂಡನ ಉಸಿರಿನಂತೆ ಎಂದುಕೊಂಡಳು ದೊಡ್ಡಕ್ಕ. ಅವಳಿಗೆ ಕರುಣೆ ಬರಲಿಲ್ಲ. ಬರಬಹುದೇನೋ ಎಂದು ಹೆದರಿದ್ದಳು. ಬರಲಿಲ್ಲ.

ಕೊನೆಗೆ ಎದುರು ನಿಂತು ಮೇಡಂನ ನಡುವಿನ ಕೆಳಗೆ ಬೆರಳು ತೋರಿಸಿದಳು.

"ಅಲ್ಲೇನಿದೆ? ತೆಗೆದು ತೋರ್ಸು."

ಮೇಡಂನ ಎರಡೂ ಕೈ ಅಲ್ಲಿಗೆ ಹೋಗಿ ಬಿಗಿಯಾಗಿ ಮುಚ್ಚಿಕೊಂಡವು. ತಂಗಿಯ ಕೈಯೂ ಮೊದಲು ಹೀಗೆಯೇ ಹೋಗಿತ್ತು. ಬೇಡ, ಎಂದಳು ಮೇಡಂ. ಅದು ಅಪ್ಪಣೆಯ ದನಿಯಲ್ಲ. ಬೇಡುವ ದನಿ.

ದೊಡ್ಡಕ್ಕ ಆ ಕೈಗಳನ್ನು ಚೆನ್ನಾಗಿ ನೋಡಿದಳು. ಕಣ್ಣು ತುಂಬ ನೋಡಿದಳು.

"ನನ್ನ ತಂಗಿ ತೋರಿಸಿದ್ಲು," ಎಂದಳು. "ನೀನು ಹೋಗು."

ಪರದೆ ಸರಿಯಿತು. ಕಾರ್ಖಾನೆಯ ಸಾಲು ಸಾಲೇ ಉಸಿರು ಹಿಡಿದು ನಿಂತಿತ್ತು. ಮೇಡಂ ಹೊರಗೆ ಬಂದಳು. ಬರಿಗಾಲು, ಬಿಚ್ಚಿದ ಕೂದಲು. ಹೆಗಲಿನ ಮೇಲೆ ಎರಡು ಕೈ, ಪಕ್ಕೆಯಲ್ಲಿ ಎರಡು ಕೈ, ಬೆನ್ನ ಮೇಲೆ ಹತ್ತು ಬೆರಳೂ ಅಗಲಿಸಿದ ಎರಡು ಕೈ. ಬೇಕೆಂದೇ ಮಾಡಿದ್ದಾಳೆ ಸಾರ್, ನನ್ನ ಹೊಲಸು ಮಾಡಿದ್ದಾಳೆ, ಎಂದು ಸಾಹೇಬರ ಮುಂದೆ ಕೂಗಿದಳು.

"ನಾನು ಪಾಲಿಶ್‌ನವಳು ಸಾರ್," ಎಂದಳು ದೊಡ್ಡಕ್ಕ. "ತಂದು ಇಲ್ಲಿ ನಿಲ್ಲಿಸಿದ್ದು ಇವರು. ಬೇರೆ ಕೈ ಎಲ್ಲಿಂದ ತರ್ಲಿ?"

ಸಾಹೇಬರು ಸ್ವಲ್ಪವೂ ನಗಲಿಲ್ಲ. ಮೇಡಂ ಕಡೆ ತಿರುಗಿ, ಇದು ದಿನಾ ಆಗುತ್ತದೆ ಅಂದಿರಲ್ಲವೇ, ದಿನಾ ಬಟ್ಟೆಗೆ ಏನು ಮಾಡುತ್ತೀರಿ, ಎಂದು ಕೇಳಿದರು. ಮೇಡಂ ಪಕ್ಕೆಯ ಕಲೆಯನ್ನು ಕೈಯಿಂದ ಮುಚ್ಚಿಕೊಳ್ಳಲು ನೋಡಿದಳು. ಆಗ ಸಾಲಿನ ಕೊನೆಯಲ್ಲಿ ಒಬ್ಬಳು ನಕ್ಕಳು. ದೊಡ್ಡಕ್ಕನಿಗೆ ಆ ನಗು ಗೊತ್ತಿತ್ತು, ಚಿಕ್ಕಂದಿನಿಂದ ಕೇಳಿದ ನಗು. ಆಮೇಲೆ ಇಡೀ ಶೆಡ್ಡು ನಕ್ಕಿತು. ಹೊಟ್ಟೆ ಹಿಡಿದು ನಕ್ಕಿತು. ಮೇಡಂ ಆ ನಗುವಿನ ನಡುವೆಯೇ ಕಾರಿನವರೆಗೂ ನಡೆದು ಹೋಗಬೇಕಾಯಿತು. ಗೇಟಿನಿಂದ ಕಾರು ದೂರವಿತ್ತು.

ದೊಡ್ಡಕ್ಕ ಪರದೆಯನ್ನು ಕಂಬಿಯಿಂದಲೇ ಕಿತ್ತಳು. ಅದರಲ್ಲಿ ಕೈ ಒರೆಸಿಕೊಂಡು ನೆಲಕ್ಕೆ ಎಸೆದಳು. ಮನೆಗೆ ನಡೀರೇ, ಎಂದಳು. ಅವತ್ತು ಯಾರೂ ಯಾರ ಮೈಯನ್ನೂ ಮುಟ್ಟಲಿಲ್ಲ.

ಸಂಜೆ ಗಂಡ ಆ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಂಡ. ಬೆನ್ನಲ್ಲಿ ಎಲ್ಲಿ ಇಟ್ಟೆ, ಸರಿಯಾಗಿ ತೋರಿಸು ಎಂದು ತನ್ನ ಅಂಗಿಯ ಮೇಲೆಯೇ ಕೈ ಇಡಿಸಿಕೊಂಡ. ನಕ್ಕು ನಕ್ಕು ಕೆಮ್ಮು ಏರಿತು, ನಿಲ್ಲಲೇ ಇಲ್ಲ. ಬಾಗಿಲು ದೂಡಿಕೊಂಡು ತಂಗಿ ಬಿಸಿನೀರು ತಂದಳು.

ಕಂಪನಿ ಸುಮ್ಮನಿರಲಿಲ್ಲ. ದೊಡ್ಡಕ್ಕನನ್ನು ಕೆಲಸದಿಂದ ಹೊರಗೆ ಹಾಕಿದರು. ಕೇಸು ನಡೆಯುತ್ತಿದೆ. ಅವಳೀಗ ಒಂದು ಸಣ್ಣ ಅಂಗಡಿಯಲ್ಲಿ ಹಳೆಯ ಪಾತ್ರೆಗಳಿಗೆ ಪಾಲಿಶ್ ಮಾಡುತ್ತಾಳೆ, ಬೆರಳ ಗೆರೆ ಮತ್ತೆ ಸವೆದಿದೆ. ತಾರೀಕಿನ ದಿನ ಲೇಬರ್ ಆಫೀಸಿಗೆ ಮೇಡಂ ಕೂಡ ಬರಬೇಕು. ಈಗ ಅವಳು ಬಿಳಿ ಉಡುವುದಿಲ್ಲ, ದಟ್ಟ ನೀಲಿ ಉಡುತ್ತಾಳೆ. ಕಾಯುವವರಿಗೆ ಹೊರಗೆ ಇರುವುದು ಒಂದೇ ಬೆಂಚು. ಮೊನ್ನೆಯ ತಾರೀಕಿಗೆ ಮೇಡಂ ಅದರ ನಡುವೆ ಕೂತಿದ್ದಳು. ದೊಡ್ಡಕ್ಕ ಕೆಲಸದಿಂದ ನೇರವಾಗಿ ಬಂದವಳು, ಕೈ ತೊಳೆದಿರಲಿಲ್ಲ. ಬಂದು ಮೇಡಂನ ಪಕ್ಕದಲ್ಲೇ ಕೂತಳು. ಮೇಡಂ ಸರಿದಳು. ದೊಡ್ಡಕ್ಕನೂ ಸರಿದಳು. ಮೇಡಂ ಇನ್ನೂ ಸರಿದಳು. ದೊಡ್ಡಕ್ಕನೂ ಸರಿದಳು. ಬೆಂಚು ಅಲ್ಲಿಗೆ ಮುಗಿಯಿತು.